ಕೋವಿಗೊಂದು ಟ್ರಸ್ಟು

ನಮ್ಮ ಕುಟುಂಬದ ಕೋವಿಯ ಸಮಸ್ಯೆಯನ್ನು ನಾನೇ ಪರಿಹರಿಸುತ್ತೇನೆ, ಅದೂ ಸಂಪೂರ್ಣ ವೈಜ್ಞಾನಿಕವಾಗಿ ಪರಿಹರಿಸುತ್ತೇನೆ ಎಂದು ಒಂದು ಶುಕ್ರವಾರ ಊಟದ ತಟ್ಟೆಯ ಮುಂದೆ ಘೋಷಿಸಿದೆ. ನನ್ನ ಹೆಂಡತಿ ಲೋಲಾಕ್ಷಿ ಸಾರಿನ ಸೌಟನ್ನು ಗಾಳಿಯಲ್ಲೇ ನಿಲ್ಲಿಸಿದಳು.

"ಮೊನ್ನೆ ಎ.ಸಿ.ಯನ್ನೂ ವೈಜ್ಞಾನಿಕವಾಗಿಯೇ ರಿಪೇರಿ ಮಾಡಿದ್ದಲ್ವಾ ಮಾರಾಯ್ರೆ? ಮಸ್ಕತ್‌ಗೆ ಮಳೆ ಇಲ್ಲ ಅಂತಾರೆ. ನಮ್ಮ ಬೆಡ್‌ರೂಮಲ್ಲಿ ದಿನಾ ಉಂಟು!"

ಇಂಥ ಮಾತುಗಳಿಂದ ವಿಚಲಿತನಾಗುವ ಜಾಯಮಾನ ನನ್ನದಲ್ಲ. ಜೀವವಿಕಾಸ, ಕಪ್ಪುಕುಳಿ, ಮಿದುಳಿನ ರಚನೆ ಎಂದು ರಾಶಿ ರಾಶಿ ಪುಸ್ತಕ ಓದಿ ನಲವತ್ತೈದರ ಹೊತ್ತಿಗೆ ನಾನೊಬ್ಬ ಪರಿಪಕ್ವ ಸಂದೇಹವಾದಿಯಾಗಿದ್ದೆ. ಪುರಾವೆಯಿಲ್ಲದೆ ಮಾವಿನ ಹಣ್ಣು ಸಿಹಿಯೆಂದೂ ಒಪ್ಪದವನು! ಅಂಥವನಿಗೆ ಒಂದು ಕೋವಿ ಯಾವ ಲೆಕ್ಕ?

ಕೋವಿ ನನ್ನ ಸೋದರಮಾವ ದೇಜಪ್ಪರದ್ದು. ಇಲ್ಲೇ ಮಸ್ಕತ್‌ನ ಅಲ್ ಮಬೇಲಾದಲ್ಲಿ ಕಾರಿನ ಸೀಟು ಹೊಲಿಯುವ ವರ್ಕ್‌ಶಾಪ್ ನಡೆಸುತ್ತ, ಎಪ್ಪತ್ತು ದಾಟಿದರೂ ಊರಿಗೆ ಮರಳಲು ಮನಸ್ಸು ಮಾಡದವರು. ಬೆಳ್ತಂಗಡಿ ಕಡೆಯ ನಮ್ಮ ಗದ್ದೆಗಳಿಗೆ ಹಂದಿ ಇಳಿಯದಂತೆ ಕಾದ ಜೋಡುನಳಿಗೆಯ ಆ ಕೋವಿ ಅವರ ಯೌವನದ ಏಕೈಕ ಸಾಕ್ಷಿ. ಈಗ ಲೈಸೆನ್ಸ್ ಮಾವನ ಹೆಸರಿನಲ್ಲಿ, ಮಾವ ಒಮಾನಿನಲ್ಲಿ, ಕೋವಿ ಊರಿನ ಪೊಲೀಸ್ ಠಾಣೆಯ ಕಪಾಟಿನಲ್ಲಿ! "ಕುಟುಂಬದವರು ಯಾರಾದರೂ ಬೇಗ ತಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಇಲ್ಲವಾದರೆ ಸರಕಾರಕ್ಕೆ ಒಪ್ಪಿಸಿ. ಅದನ್ನು ಮುರಿದು ಹಾಕುತ್ತಾರೆ" ಎಂದು ಠಾಣೆಯಿಂದ ಫೋನು ಬಂದಿತ್ತು. 'ಮುರಿದು' ಎಂಬ ಶಬ್ದ ಕಿವಿಗೆ ಬಿದ್ದಂದಿನಿಂದ ಮಾವ ಹೊಲಿಗೆ ಯಂತ್ರದ ಮುಂದೆ ಸುಮ್ಮನೆ ಕುಳಿತುಬಿಡುತ್ತಿದ್ದರು. ಒಬ್ಬ ಗಿರಾಕಿಯ ಲ್ಯಾಂಡ್‌ಕ್ರೂಸರಿಗೆ ಎರಡು ಬಣ್ಣದ ಸೀಟು ಹೊಲಿದು ಕೊಟ್ಟದ್ದೂ ಆಗಲೇ.

ಆ ಹೊತ್ತಿಗೆ ಸರಿಯಾಗಿ ನನಗೆ ಅಂತರ್ಜಾಲದಲ್ಲಿ ಜ್ಞಾನೋದಯವಾಯಿತು. ಅಮೆರಿಕದಲ್ಲಿ ಜನ ಕೋವಿಗೆಂದೇ ಒಂದು ಟ್ರಸ್ಟ್ ಮಾಡುತ್ತಾರಂತೆ! ಕೋವಿಯ ಒಡೆತನ ಟ್ರಸ್ಟಿನದು, ಟ್ರಸ್ಟಿಗಳು ಹಲವರು, ಒಬ್ಬ ಹೋದರೂ ಇನ್ನೊಬ್ಬನಿರುತ್ತಾನೆ, ಕೋವಿ ಮಾತ್ರ ಚಿರಂಜೀವಿ. ಆಹಾ, ಎಂಥ ಸುಂದರ ವ್ಯವಸ್ಥೆ! ನಾನು ಖುರುಮ್‌ನ ನನ್ನ ಆಫೀಸಿನಲ್ಲೇ ಕುಳಿತು ಟ್ರಸ್ಟಿನ ಕರಡನ್ನು ಸಿದ್ಧಪಡಿಸಿ ಪ್ರಿಂಟರಿಗೆ ಕಳಿಸಿದೆ. ಅದು ನನಗಿಂತ ಮೊದಲು ಸಿಕ್ಕಿದ್ದು ಸಹೋದ್ಯೋಗಿ ಚಲುವರಾಜುವಿಗೆ.

"ಏನ್ ಸಾರ್ ಇದು? ನಮ್ ಮಂಡ್ಯದಲ್ಲಿ ಟ್ರಸ್ಟ್ ಅಂದ್ರೆ ಸ್ಕೂಲ್ ಕಟ್ತಾರೆ, ಛತ್ರ ಕಟ್ತಾರೆ. ನೀವು ಕೋವಿಗೆ ಟ್ರಸ್ಟ್ ಮಾಡಿ ಯಾರಿಗ್ ಸಾರ್ ಸೇವೆ ಮಾಡ್ತೀರಾ? ಹಂದೀಗಾ?"

"ಇದು ಕಾನೂನಿನ ಸೂಕ್ಷ್ಮ ವಿಷಯ, ಚಲುವರಾಜು."

"ಸೂಕ್ಷ್ಮಾನೇ ಸಾರ್! ದಪ್ಪಕ್ಷರದಲ್ಲಿ 'ಬಂದೂಕು' ಅಂತ ಬರ್ದು ಆಫೀಸ್ ಪ್ರಿಂಟರಿಗೆ ಬಿಟ್ಟಿದೀರಲ್ಲ!"

ಸಂಜೆಯೊಳಗೆ ನಾನು ಕೆಲಸ ಬಿಟ್ಟು ಬೇಟೆಯ ಕಂಪೆನಿ ತೆರೆಯುತ್ತಿದ್ದೇನೆಂಬ ಸುದ್ದಿ ಹಬ್ಬಿತು. ಇಬ್ಬರು ಬಂದು ಕೆಲಸ ಖಾಲಿಯಿದೆಯೇ ಎಂದೂ ವಿಚಾರಿಸಿಕೊಂಡು ಹೋದರು.

ನಿಜವಾದ ಗೊಂದಲ ಹತ್ತಿಕೊಂಡದ್ದು ಮನೆಯಲ್ಲಿ. ನಮ್ಮದು ಅಳಿಯಸಂತಾನದ ಕುಟುಂಬ. ಆಸ್ತಿ ಅಪ್ಪನಿಂದ ಮಗನಿಗಲ್ಲ, ಮಾವನಿಂದ ಸೋದರಳಿಯನಿಗೆ; ಎಲ್ಲವೂ ಹೆಣ್ಣಿನ ಬಳಿಯಲ್ಲಿ, ಅಂದರೆ ತಾಯಿಯ ವಂಶದಲ್ಲಿ, ಇಳಿಯಬೇಕು. ಕಾನೂನು ಬದಲಾದರೂ ಕೋವಿಯ ವಿಷಯದಲ್ಲಿ ಮಾವ ಬದಲಾಗಿರಲಿಲ್ಲ. ಅಮೆರಿಕದ್ದನ್ನು ನೋಡಿ ಬರೆದ ಕರಡಿನಲ್ಲೋ ಪುಟಕ್ಕೊಂದು ಸಲ 'ಸ್ಥಾಪಕನ ಮಕ್ಕಳು' ಎಂದಿತ್ತು! ನಾನು ಮಕ್ಕಳನ್ನು ಹೊಡೆದುಹಾಕಿ ಸೋದರಳಿಯರನ್ನು ತುಂಬಿಸಿದೆ. ಲೋಲಾಕ್ಷಿ ಅದನ್ನೋದಿ ಕನ್ನಡಕ ತೆಗೆದಳು.

"ಇದರಲ್ಲಿ ನಮ್ಮ ಸುಪ್ರೀತಾಳ ಹೆಸರು ಎಲ್ಲುಂಟು?"

"ಅವಳು ನಿನ್ನ ಬಳಿಯವಳು. ನನ್ನ ಮಗಳು ನನ್ನ ಕುಟುಂಬಕ್ಕೆ ಸೇರುವುದಿಲ್ಲ. ಇದು ಮಾನವಶಾಸ್ತ್ರ."

"ಓಹೋ! ಹಾಗಾದ್ರೆ ಅವಳ ಸ್ಕೂಲ್ ಫೀಸ್ ನನ್ನ ಅಣ್ಣ ಕಟ್ಟುದಾ? ಈಗ್ಲೇ ಫೋನ್ ಮಾಡ್ತೇನೆ ನಿಲ್ಲಿ!"

ಫೋನನ್ನು ಅವಳ ಕೈಯಿಂದ ಬಿಡಿಸಿಕೊಳ್ಳುವಷ್ಟರಲ್ಲಿ ಸುಪ್ರೀತಾಳ ಹೆಸರು ಸೇರಿತು. ವಿಷಯ ತಿಳಿದು ದುಬೈಯ ಭಾವ, ಸೊಹಾರಿನ ಚಿಕ್ಕಪ್ಪ, ಯಾರದೋ ಮದುವೆಯಲ್ಲಿ ಒಮ್ಮೆ ಕಂಡ ಕುವೈತಿನ ತಮ್ಮ, ಎಲ್ಲರೂ ಟ್ರಸ್ಟಿಗಳಾದರು. ಎರಡೇ ಗುಂಡು ಹಿಡಿಯುವ ಕೋವಿಗೆ ಹದಿನಾಲ್ಕು ಬೆರಳುಗಳು ಸಿದ್ಧವಾದವು! ಅಧ್ಯಕ್ಷ ಯಾರೆಂದು ಜಗಳ ಹತ್ತಿತು. ದುಬೈಯ ಭಾವ ಟ್ರಸ್ಟಿನ ವಾಟ್ಸಾಪ್ ಗ್ರೂಪಿನಿಂದ ಹೊರಹೋಗಿ, ಯಾರೂ ಕರೆಯದಿದ್ದುದರಿಂದ ತಾನಾಗಿಯೇ ಮರಳಿ ಬಂದರು.

ಸೋತು ಸುಣ್ಣವಾಗಿ ಮಾವನ ವರ್ಕ್‌ಶಾಪಿಗೆ ಹೋದೆ. ಮಾವ ಕರಕ್ ಚಹಾದ ಲೋಟ ನನ್ನತ್ತ ತಳ್ಳಿದರು.

"ಯಾಕೆ ಮಗಾ ಕಚ್ಚಾಡ್ತೀರಿ? ಕೋವಿ ನನ್ನದೂ ಅಲ್ಲ, ನಿನ್ನದೂ ಅಲ್ಲ. ಮನೆಯ ದೈವದ್ದು. ನಾವೆಲ್ಲ ಎಣ್ಣೆ ಹಾಕಿ ಒರೆಸುವವರು, ಅಷ್ಟೇ."

ನನ್ನ ತಲೆಯೊಳಗೆ ಮಿಂಚು ಹೊಡೆಯಿತು! ಭಾರತದ ಕಾನೂನಿನಲ್ಲಿ ದೇವರೂ ಒಬ್ಬ ವ್ಯಕ್ತಿ. ಆಸ್ತಿ ಹೊಂದಬಹುದು, ದಾವೆ ಹೂಡಬಹುದು. ಹಾಗಿದ್ದ ಮೇಲೆ ಕೋವಿಯ ಒಡೆತನ ದೈವಕ್ಕೇ ಇರಲಿ! ಆ ರಾತ್ರಿ, ದೈವದ ಅಸ್ತಿತ್ವಕ್ಕೆ ಪುರಾವೆ ಕೇಳುತ್ತ ಬಂದ ನಾನು, ಅದರ ನಾಗರಿಕ ಹಕ್ಕುಗಳನ್ನು ಸಮರ್ಥಿಸಿ ಪುಟಗಟ್ಟಲೆ ಬರೆದೆ. ಲೋಲಾಕ್ಷಿ ಇಣುಕಿ ನೋಡಿ, "ದೈವಕ್ಕೆ ತಂಬಿಲದ ಪೂಜೆ ಉಂಟು ಬನ್ನಿ ಅಂದ್ರೆ ಮೂಢನಂಬಿಕೆ ಅಂತೀರಿ. ಈಗ ದೈವದ ಹೆಸರಲ್ಲಿ ಅರ್ಜಿ ಬರೀತೀರಿ. ಮಂಡೆ ಸಮ ಉಂಟಾ ನಿಮ್ಗೆ?" ಎಂದು ಹೋಗಿ ಮಲಗಿದಳು.

ಅರ್ಜಿ ಮಂಗಳೂರಿನ ವಕೀಲೆ ಇವ್ಲಿನ್ ಅವರಿಗೆ ಹೋಯಿತು. ಮರುವಾರ ವರ್ಕ್‌ಶಾಪಿನಲ್ಲೇ ವಿಡಿಯೋ ಕಾಲ್. ಮಾವ ಬಿಳಿ ಅಂಗಿ ಹಾಕಿ ಕುಳಿತಿದ್ದರು.

"ಡ್ರಾಫ್ಟ್ ನೋಡಿದೆ ಸರ್, ತುಂಬಾ ಚಂದ ಉಂಟು" ಎಂದರು ಇವ್ಲಿನ್. "ಅರ್ಜಿದಾರರನ್ನು ಯಾವಾಗ ಕರ್ಕೊಂಡು ಬರ್ತೀರಿ?"

"ಅವರು... ವರ್ಷಕ್ಕೊಮ್ಮೆ ಬರುತ್ತಾರೆ ಮೇಡಂ. ಪಾತ್ರಿಯ ಮೈಮೇಲೆ."

"ಆಯ್ತು. ಫೋಟೋ ಆಗ್ಲೇ ತೆಗೆಯುವ. ಆದ್ರೆ ಕಿವಿ ಕಾಣ್ಬೇಕು ಸರ್, ಕಿರೀಟ ಎಲ್ಲ ತೆಗೀಬೇಕು. ಹೆಬ್ಬೆಟ್ಟು ಯಾರದ್ದು, ಅವರದ್ದಾ, ಪಾತ್ರಿಯದ್ದಾ?"

ನಾನು ಬೆವೆತೆ. ಒಮಾನಿನ ಬಿಸಿಲಿನ ಪಾತ್ರ ಅದರಲ್ಲೇನೂ ಇರಲಿಲ್ಲ.

"ಮತ್ತೆ ಕೋವಿ ಬಿಡ್ಲಿಕ್ಕೆ ಟ್ರೈನಿಂಗ್ ಆದ ಸರ್ಟಿಫಿಕೇಟ್ ಬೇಕು."

ಮಾವ ಕುರ್ಚಿಯಿಂದ ನೆಗೆದರು. "ಯಾರಿಗೆ ಟ್ರೈನಿಂಗ್? ಊರು ಕಾಯುವ ದೈವಕ್ಕೆ ಗುರಿ ಇಡ್ಲಿಕ್ಕೆ ಪೊಲೀಸರು ಕಲಿಸುದಾ?"

ಇವ್ಲಿನ್ ನಗು ತಡೆಯಲು ನೀರು ಕುಡಿದರು. "ಸರ್, ನೀವು ಓದಿದ್ದು ಅಮೆರಿಕದ್ದು. ಬೆಳೆ ಕಾಯುವ ಕೋವಿ ಇಲ್ಲಿ ಒಬ್ಬ ಮನುಷ್ಯನ ಹೆಸರಲ್ಲಿ ಇರ್ಬೇಕು. ಊರಲ್ಲೇ ಇರುವ ಮನುಷ್ಯ. ಟ್ರಸ್ಟ್ ಖಲಾಸ್ ಅಂತಾರಲ್ಲ ನಿಮ್ಮಲ್ಲಿ, ಹಾಗೆ. ಠಾಣೆಯವರು ಕೊಟ್ಟ ಟೈಮ್ ಕೂಡ ಈ ತಿಂಗಳಿಗೆ ಮುಗೀತದೆ."

ಮಾವ ಅಂಗಿಯ ಮೇಲಿನ ಗುಂಡಿ ಬಿಚ್ಚಿ ಮೆಷಿನಿನ ಮುಂದೆ ಕುಳಿತರು. ಸೂಜಿಗೆ ನೂಲೇ ಇರಲಿಲ್ಲ, ಆದರೂ ಹೊಲಿಯತೊಡಗಿದರು. ನನಗೆ ಎಲ್ಲಾದರೂ ಅಡಗಿಕೊಳ್ಳೋಣ ಎನ್ನಿಸಿತು.

ದುಃಖದ ಸುದ್ದಿಯನ್ನು ಊರಿನ ಮನೆಯಲ್ಲೇ ಇರುವ ತಂಗಿ ದಮಯಂತಿಗೂ ತಿಳಿಸೋಣವೆಂದು ಫೋನು ಮಾಡಿದೆ. ಎರಡು ಎಕರೆ ಗದ್ದೆ ಮಾಡಿಸಿಕೊಂಡು, ದಿನಾ ಹಂದಿಯ ಕಾಟಕ್ಕೆ ಪಟಾಕಿ ಹೊಡೆಯುವವಳು.

"ಅಣ್ಣಾ, ದುಬೈಗೆ ಕೇಳಿದಿ, ಕುವೈತಿಗೆ ಕೇಳಿದಿ, ದೈವಕ್ಕೂ ಕೇಳಿದಿ. ನನಗೆ ಒಂದು ಮಾತು ಕೇಳ್ಬಹುದಿತ್ತಲ್ವಾ?"

ಹೌದು, ಊರಲ್ಲೇ ಇರುವ ಮನುಷ್ಯ! ಮನೆಯ ಹೆಣ್ಣುಮಗಳು! ನನ್ನ ಹದಿನಾಲ್ಕು ಟ್ರಸ್ಟಿಗಳಲ್ಲಿ ಅವಳೊಬ್ಬಳೇ ಇರಲಿಲ್ಲ. ಮಾವ ಅಂದೇ ಒಪ್ಪಿಗೆ ಬರೆದುಕೊಟ್ಟರು, ಠಾಣೆಯವರು ಸ್ವಲ್ಪ ಕಾದರು, ದಮಯಂತಿ ತರಬೇತಿಗೆ ಹೋಗಿ ಎಲ್ಲ ಗುಂಡನ್ನೂ ಗುರಿಗೇ ಹೊಡೆದಳು. ಕೋವಿ ಮನೆಗೆ ಬಂದ ದಿನ ಮಾವ ವರ್ಕ್‌ಶಾಪಿನಲ್ಲಿ ಹಲ್ವಾ ಹಂಚಿ, ಫೋನನ್ನು ಸ್ಪೀಕರಿಗೆ ಹಾಕಿ, "ಪೊಲೀಸರು ವಿಚಾರಣೆಗೆ ಬಂದಾಗ ಎಂತ ಕೇಳಿದ್ರು ಮಗಳೇ?" ಎಂದರು.

"ಕುಟುಂಬದಲ್ಲಿ ಮಂಡೆ ಸರಿ ಇಲ್ಲದವರು ಯಾರಾದ್ರೂ ಇದ್ದಾರಾ ಅಂತ ಕೇಳಿದ್ರು ಮಾವ. ಸರಕಾರದವರಿಗೆ ಸುಳ್ಳು ಹೇಳ್ಲಿಕ್ಕೆ ಆಗ್ತದಾ? ಟ್ರಸ್ಟಿನ ಕತೆ ಪೂರ್ತಿ ಹೇಳಿದೆ."

"ಮತ್ತೆ?" ಎಂದೆ ನಾನು, ಹಲ್ವಾ ಗಂಟಲಲ್ಲೇ ಇಟ್ಟುಕೊಂಡು.

"ಒಂದು ಕಂಡೀಷನ್ ಮೇಲೆ ಲೈಸೆನ್ಸ್ ಕೊಡ್ಲಿಕ್ಕೆ ಆಗ್ಬಹುದು ಅಂದ್ರು ಅಣ್ಣಾ. ಎಲೆಕ್ಷನ್ ಬಂದಾಗ ಎಲ್ಲರೂ ಕೋವಿ ಠಾಣೆಗೆ ಒಪ್ಪಿಸ್ಬೇಕಲ್ವಾ? ಇನ್ನು ಮೇಲೆ ನೀನು ರಜೆಯಲ್ಲಿ ಊರಿಗೆ ಬಂದಾಗಲೂ ನಾನು ಒಪ್ಪಿಸ್ಬೇಕಂತೆ!"