ನಮ್ಮ ಅಧ್ಯಕ್ಷರ ಐತವಾರದ ಹಾಜರಿ

ಓದುವ ಎಲ್ಲರಿಗೂ ಶರಣು. ಮೊದಲೇ ಒಂದು ಮಾತು ಒಪ್ಪಿಸಿಬಿಡುತ್ತೇನೆ. ನಾನು ನೆಟ್ಟಗೆ ಅಕ್ಷರ ಕಲಿತದ್ದು ಮೀಸೆ ಬಂದ ಮೇಲೆ. ಈಗ ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒತ್ತಿ ಒತ್ತಿ ಬರೆಯುತ್ತಿದ್ದೇನೆ. ಒಂದು ಒತ್ತಕ್ಷರ ಹುಡುಕುವಷ್ಟರಲ್ಲಿ ಚಹಾ ಆರಿಹೋಗುತ್ತದೆ. ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಹೇಳಹೊರಟಿರುವುದು ಇಡೀ ತಿಕೋಟಾದ ಅತಿ ಹಿರಿಯ ಯುವಕನ ಬಗ್ಗೆ. ವಯಸ್ಸು ಐವತ್ತೆಂಟು. ನಗಬೇಡಿ! ನಮ್ಮ ಯುವಕ ಸಂಘದ ಅಧ್ಯಕ್ಷರು ಅವರೇ. ಸಂಘ ಹುಟ್ಟಿದಾಗಿನಿಂದ ಅವರೇ. ನಮ್ಮಪ್ಪನ ಕಡೆಯಿಂದ ನನಗೆ ದೂರದ ಕಾಕಾ ಆಗಬೇಕು, ಆದರೆ ಕಾಕಾ ಅಂದರೆ ತಿರುಗಿ ನೋಡುವ ಮನುಷ್ಯ ಅಲ್ಲ. "ಅಧ್ಯಕ್ಷರ" ಅಂದರೆ ಮಾತ್ರ ಸೈಕಲ್ಲಿನ ಸಮೇತ ತಿರುಗುತ್ತಾರೆ. ಹೊಟ್ಟೆಪಾಡಿಗೆ ಸುಟ್ಟ ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತುವ ಅಂಗಡಿ. ಉಳಿದ ಹೊತ್ತೆಲ್ಲ ಯುವಜನರ ಉದ್ಧಾರ.

ಒಮ್ಮೆ ಚಹಾದಂಗಡಿಯವನು ಕೆಣಕಿದ: "ಅಧ್ಯಕ್ಷರ, ನಿಮ್ಮ ತಲಿ ಪೂರಾ ಬೆಳ್ಳಗಾಗೈತಿ. ಇನ್ನೂ ಯುವಕ ಹೆಂಗ್ರಿ?"

"ತಲಿ ಸಂಘದ ಸದಸ್ಯ ಅಲ್ಲಲೇ. ಸದಸ್ಯ ನಾನು!"

ಮದುವೆ ಯಾಕೆ ಆಗಲಿಲ್ಲ ಎಂದು ಕೇಳುತ್ತೀರಾ? ಆಗಲು ಹೋಗಿದ್ದರು. ಹೆಣ್ಣು ನೋಡಲು ಅರಕೇರಿಗೆ ಹೋದವರು, "ಎಷ್ಟನೇತ್ತಾ ಓದೀರಿ?" ಅಂದರಂತೆ. ಏಳನೇತ್ತಾಕ್ಕೆ ಸಾಲಿ ಬಿಟ್ಟೆ ಎಂದು ಆಕೆ ಹೇಳಿದ್ದೇ ತಡ, ಅವಲಕ್ಕಿ ತಟ್ಟೆ ಪಕ್ಕಕ್ಕೆ ಸರಿಸಿ, ಜೇಬಿನಿಂದ ಹತ್ತನೇತ್ತಾ ಪರೀಕ್ಷೆಯ ಅರ್ಜಿ ತೆಗೆದು ತುಂಬಿಸಿಯೇ ಬಿಟ್ಟರು! ಮನೆಗೆ ಬಂದಾಗ ಅವರ ಅವ್ವ ಕೇಳಿದಳು: "ಒಪ್ಪಿಗಿ ಆತೇನೋ?"

"ಆತಬೇ. ಮಾರ್ಚಿಗೆ ಪರೀಕ್ಷಾ ಐತಿ."

ಆಕೆ ಪಾಸಾದಳು. ಮುಂದೆ ಓದಿದಳು, ನೌಕರಿ ಹಿಡಿದಳು, ಇನ್ನೊಬ್ಬರನ್ನು ಮದುವೆಯಾದಳು. ನಮ್ಮ ಅಧ್ಯಕ್ಷರು ಆ ಮದುವೆಗೂ ಹೋಗಿ, ಅಕ್ಷತೆ ಬಿದ್ದ ಮೇಲೆ ಮೈಕು ಇಸಿದುಕೊಂಡು ಸಂಘದ ಪರವಾಗಿ ಅಭಿನಂದನಾ ಪತ್ರ ಓದಿ ಬಂದರು.

ಸಂಘದ ಸಭೆ ಪ್ರತಿ ಐತವಾರ ಹತ್ತು ಗಂಟೆಗೆ. ಮೊದಲನೆಯ ವಿಷಯ, ಹಾಜರಿ. ಎರಡನೆಯ ವಿಷಯ ಅನ್ನುವುದು ಬಹಳ ಸಲ ಇರುತ್ತಲೇ ಇರಲಿಲ್ಲ! ನಂಬರು ಹೇಳಿ, ಅಪ್ಪನ ಹೆಸರಿನ ಸಮೇತ ಪೂರ್ತಿ ಹೆಸರು ಕೂಗಿ, "ಹಾಜರ?" ಎಂದು ಪೆನ್ನು ಎತ್ತಿ ಹಿಡಿಯುತ್ತಿದ್ದರು. ಉತ್ತರ ಬರುವ ತನಕ ಪೆನ್ನು ಇಳಿಯುವುದಿಲ್ಲ.

ನನ್ನ ಹೆಸರು ಆ ಹಾಜರಿಯಲ್ಲಿ ಸೇರಿದ್ದು ನನಗೆ ಹತ್ತೊಂಬತ್ತಾಗಿದ್ದಾಗ. ಒಣದ್ರಾಕ್ಷಿ ಆರಿಸುವ ಶೆಡ್ಡಿನಲ್ಲಿ ಕೆಲಸಕ್ಕಿದ್ದೆ. ಹೆಬ್ಬೆಟ್ಟು ಒತ್ತುವಾಗ ಬಿಟ್ಟರೆ ಕಾಗದ ಮುಟ್ಟಿದವನಲ್ಲ. ಒಂದು ದಿನ ರಜಿಸ್ಟರು ಬಗಲಲ್ಲಿಟ್ಟುಕೊಂಡು ಬಂದ ಅಧ್ಯಕ್ಷರು ಹೆಸರು ಕೇಳಿ ಬರೆದುಕೊಂಡೇ ಬಿಟ್ಟರು.

"ಹನ್ನೊಂದನೇ ನಂಬರ ನೀನು. ಸಂಜಿಕ್ ಅಕ್ಷರ ಕಲಿಸ್ತೀನಿ, ಬಾ. ಬರದಿದ್ರ ಗೈರಹಾಜರಿ ಬೀಳತೈತಿ."

"ಬಿದ್ರ ಏನಾಗತೈತ್ರಿ?"

ಸ್ವಲ್ಪ ಯೋಚಿಸಿದರು. "ಏನೂ ಆಗೂದಿಲ್ಲ. ನನಗ ಕೆಟ್ಟ ಅನಸತೈತಿ."

ನಾನು ಬರದಿದ್ದರೆ ಕೆಟ್ಟ ಅನ್ನಿಸುವ ಮನುಷ್ಯ ಅದುವರೆಗೆ ನನಗೆ ಸಿಕ್ಕಿರಲಿಲ್ಲ. ಹೋದೆ. ಮೂರನೆಯ ಸಲಕ್ಕೆ ಹತ್ತನೇತ್ತಾ ಪಾಸಾದೆ, ಇಪ್ಪತ್ತನಾಲ್ಕನೇ ವಯಸ್ಸಿಗೆ!

ಅವರ ಶಿಬಿರಗಳ ಕಥೆ ಬೇರೆ. ಬಬಲೇಶ್ವರದಲ್ಲಿ ಒಮ್ಮೆ ವ್ಯಕ್ತಿತ್ವ ವಿಕಸನ ಶಿಬಿರ ಇಟ್ಟರು. ಅರವತ್ತು ಕುರ್ಚಿ, ಪೆಂಡಾಲು, ಮೈಕು. ಬಂದವರು ಯಾರು? ಭಾಷಣಕಾರರು, ಅಧ್ಯಕ್ಷರು, ನಾನು, ಪೆಂಡಾಲಿನವನು, ಮತ್ತೆ ಬಸ್ಸು ಬರುವ ತನಕ ನೆರಳಿಗೆ ಕೂತ ಒಬ್ಬ ಮುದುಕಿ. ಭಾಷಣಕಾರರು ಹಿಂದೆಮುಂದೆ ನೋಡಿದರು. "ಶುರು ಮಾಡ್ರಿ, ಮಂದಿ ಕೂತಾರ" ಅಂದರು ಅಧ್ಯಕ್ಷರು. "ನಾಳಿನ ನಾಡು ಕಟ್ಟುವ ಯುವಜನರೇ..." ಎಂದು ಭಾಷಣಕಾರರು ಮುದುಕಿಯ ಕಡೆ ಕೈ ತೋರಿಸಿ ಒಂದು ತಾಸು ಮಾತಾಡಿದರು. ಬಸ್ಸು ಬಂತು. ಮುದುಕಿ ಗಂಟು ಎತ್ತಿಕೊಂಡು ಹೇಳಿದಳು: "ಚೊಲೋ ಹೇಳಿದಿ ಯಪ್ಪಾ. ಆದ್ರ ಇದನ್ನ ಐವತ್ತ ವರ್ಷದ ಹಿಂದ ಯಾಕ ಬಂದು ಹೇಳಲಿಲ್ಲೋ?"

ರಜಿಸ್ಟರಿನಲ್ಲಿ ಅಧ್ಯಕ್ಷರು ಬರೆದರು: ಸಂಘದವರನ್ನು ಬಿಟ್ಟು ಯುವಜನರ ಹಾಜರಿ, ಒಂದು.

ಆದರೂ ಸಂಘ ಕೆಲಸ ಮಾಡಿತು. ಅದೇ ತೊಂದರೆಯಾಯಿತು ನೋಡಿ! ಒಬ್ಬನಿಗೆ ಪುಣೆಯಲ್ಲಿ ಕೆಲಸ, ಇನ್ನೊಬ್ಬನಿಗೆ ಡ್ರೈವರ್ ನೌಕರಿ, ಮತ್ತೊಬ್ಬನಿಗೆ ಮಾಸ್ತರಿಕೆ. ನಾನು ವಿಜಯಪುರದ ಸ್ಟೇಷನ್ ರಸ್ತೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಲ್ಲು ಬರೆಯುವ ಕೆಲಸಕ್ಕೆ ಸೇರಿದೆ. ಇಪ್ಪತ್ಮೂರು ಮಂದಿ ಇಪ್ಪತ್ಮೂರು ದಿಕ್ಕಾದೆವು. ಅಧ್ಯಕ್ಷರು ಎದೆಗುಂದಿದರೇ? ಫೋನಿನಲ್ಲಿ ಹಾಜರಿ ಶುರು ಮಾಡಿದರು! ಐತವಾರ ಹತ್ತರ ಸುಮಾರಿಗೆ ರಿಂಗಾಗುತ್ತದೆ. ಹೆಸರು, ನಂಬರು, "ಹಾಜರ?" "ಹಾಜರ್ರಿ." ಕಟ್. ಯೋಗಕ್ಷೇಮ ಇಲ್ಲ, ಮಳೆ ಬೆಳೆ ಇಲ್ಲ.

ಒಂದು ಐತವಾರ ಮಾಲು ಇಳಿಸಲು ಅಂಗಡಿಗೆ ಹೋಗಿದ್ದೆ. ಗಲ್ಲಾಪೆಟ್ಟಿಗೆಯ ಮೇಲಿದ್ದ ನನ್ನ ಫೋನನ್ನು ಸಾವಕಾರರು ಎತ್ತಿದರು. ಆ ಕಡೆಯಿಂದ ಗುಡುಗು: "ಹನ್ನೊಂದನೇ ನಂಬರ, ಹಾಜರ?" ಸಾವಕಾರರು ಫೋನಿನ ಬಾಯಿ ಮುಚ್ಚಿ ನನ್ನತ್ತ ಕಣ್ಣರಳಿಸಿದರು. "ಲೇ, ಖರೇ ಹೇಳು, ಯಾವ ಜೈಲಿನ್ಯಾಗ ಇದ್ದಿ ನೀ?"

ನಗುವ ಮಾತೇ. ಆದರೆ ಒಂದು ಹೇಳಲೇ? ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ಮೇಲಿನ ಒಂದು ಖೋಲಿಯಲ್ಲಿ ನಾನೊಬ್ಬನೇ ಇರುತ್ತೇನೆ. ಅಕ್ಕಪಕ್ಕದ ಮನೆಗಳಿಗೆ ಬಣ್ಣ ಹೊಸದು, ಬಾಗಿಲು ಸದಾ ಮುಚ್ಚಿದ್ದು. ಮನೆ ಮಾಲೀಕರಿಗೆ ನಾನು "ಮ್ಯಾಲಿನ ಖೋಲ್ಯಾಂವ". ಗಿರಾಕಿಗಳಿಗೆ "ಏ ಬಿಲ್ಲಿನಾಂವ". ವಾರದಲ್ಲಿ ನನ್ನ ಪೂರ್ತಿ ಹೆಸರು ಒಬ್ಬರ ಬಾಯಲ್ಲಿ ಬರುವುದು ಐತವಾರ ಹತ್ತಕ್ಕೆ, ಅದೂ ನಾಲ್ಕು ಸೆಕೆಂಡು. ಅವರು ಕಟ್ ಮಾಡಿದ ಮೇಲೂ ಫೋನನ್ನು ಸ್ವಲ್ಪ ಹೊತ್ತು ಕಿವಿಗೇ ಹಿಡಿದಿರುತ್ತಿದ್ದೆ.

ಹೋದ ಬೇಸಿಗೆಯಲ್ಲಿ ಸಂಘದ ಖೋಲಿಗೆ ಕುತ್ತು ಬಂತು. ಒಣದ್ರಾಕ್ಷಿ ವ್ಯಾಪಾರಿಯೊಬ್ಬರು ಹಿಂದೆ ಪ್ರೀತಿಯಿಂದ ಬಿಟ್ಟುಕೊಟ್ಟಿದ್ದ ಖೋಲಿ ಅದು. ಅವರು ತೀರಿಕೊಂಡ ಮೇಲೆ ಮಗ ಬಂದು ನೇರ ಹೇಳಿದ: "ಕಾಕಾ, ಪೆಟಿಗಿ ಇಡಾಕ ಜಾಗಾ ಇಲ್ರಿ. ಬರೂ ಐತವಾರ ಹದಿನೈದ ಮಂದಿ ಕೂತಿದ್ರ ಖೋಲಿ ನಿಮ್ಮದ. ಇಲ್ಲಾಂದ್ರ ಕೀಲಿ ಕೊಡ್ರಿ."

ಅಧ್ಯಕ್ಷರು ಎಲ್ಲರಿಗೂ ಫೋನು ಮಾಡಿ ವಿಷಯ ತಿಳಿಸಿದರು. ನನಗೂ ಮಾಡಿದರು. "ಬಾರೋ" ಅಂದರು.

ಇಪ್ಪತ್ಮೂರು ಮಂದಿಯಲ್ಲಿ ಹದಿನೈದು ಬಂದೇ ಬರುತ್ತಾರೆ, ನಾನೊಬ್ಬ ಹೋಗದಿದ್ದರೇನು ಎಂದುಕೊಂಡೆ. ವಾರದ ಬಟ್ಟೆ ನೆನೆಹಾಕಿದ್ದೆ. ಹತ್ತಕ್ಕೆ ಫೋನು ಬಂತು. "ಹನ್ನೊಂದನೇ ನಂಬರ, ಹಾಜರ?" ರೂಢಿಬಿದ್ದ ನಾಲಗೆ, "ಹಾಜರ್ರಿ" ಅಂದುಬಿಟ್ಟಿತು. ಎಲ್ಲರೂ ನನ್ನ ಹಾಗೆಯೇ ಎಂದುಕೊಂಡಿದ್ದರು. ಎಲ್ಲರೂ ಹಾಜರ್ರಿ ಅಂದಿದ್ದರು. ಒಬ್ಬರೂ ಹೋಗಿರಲಿಲ್ಲ.

ಮುಂದಿನದನ್ನು ಚಹಾದಂಗಡಿಯವನು ಆಮೇಲೆ ಹೇಳಿದ. ವ್ಯಾಪಾರಿಯ ಮಗ ಬಂದಾಗ ಅಧ್ಯಕ್ಷರು ರಜಿಸ್ಟರು ತೋರಿಸಿದರಂತೆ.

"ನೋಡು, ಇಪ್ಪತ್ಮೂರು ಮಂದಿ ಹಾಜರ."

ಆತ ಖಾಲಿ ಜಮಖಾನೆ ನೋಡಿದ. "ಎಲ್ಲಿ ಕೂತಾರ್ರಿ ಕಾಕಾ?"

"ಅವರವರ ಕೆಲಸದ ಮ್ಯಾಲ ಕೂತಾರ. ಅದಕ್ಕ ಅಲ್ಲೇನೋ ಸಂಘ ಮಾಡಿದ್ದು?"

ಆತ ಕೀಲಿಗೆ ಕೈ ಚಾಚಿದ. ಇವರು ಕೀಲಿ ಕೊಟ್ಟರು.

ಮುಂದಿನ ಐತವಾರ ಹತ್ತಾಯಿತು. ಫೋನು ಬರಲಿಲ್ಲ. ಹತ್ತೂ ಕಾಲು. ಚಾರ್ಜ್ ನೋಡಿದೆ, ಇತ್ತು. ಫೋನು ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ. ನಾನೇ ಹಚ್ಚಿದೆ, ಎತ್ತಲಿಲ್ಲ. ಖೋಲಿ ಎಂದೂ ಅಷ್ಟು ದೊಡ್ಡದಾಗಿ ಕಂಡಿರಲಿಲ್ಲ. ಅಂಗಿ ಹಾಕಿಕೊಂಡು ತಿಕೋಟಾ ಬಸ್ಸು ಹಿಡಿದೆ.

ಅಧ್ಯಕ್ಷರು ತಮ್ಮ ಅಂಗಡಿಯಲ್ಲಿ ರಸ್ತೆಗೆ ಬೆನ್ನು ಹಾಕಿ ಮೋಟರಿಗೆ ತಂತಿ ಸುತ್ತುತ್ತಿದ್ದರು. ಹೊರಗೆ ನಿಂತೇ ಹೇಳಿದೆ: "ಅಧ್ಯಕ್ಷರ, ಹನ್ನೊಂದನೇ ನಂಬರ ಹಾಜರ್ರಿ."

ತಿರುಗಲಿಲ್ಲ. "ಖೋಲಿ ಇಲ್ಲ. ಸಂಘ ಎಲ್ಲೈತಿ? ಹಾಜರಿ ಎಲ್ಲೈತಿ?"

"ಖೋಲಿ ಇದ್ದಾಗ ಸುಳ್ಳ ಹಾಜರ ಅಂದಿದ್ನಿರಿ. ಈಗ ಖರೇ ಬಂದೇನಿ."

ತಂತಿ ಸುತ್ತುವ ಕೈ ನಿಂತಿತು. ಜೇಬಿನಿಂದ ಫೋನು ತೆಗೆದು ಏನೋ ಒತ್ತಿದರು. ನನ್ನ ಜೇಬಿನಲ್ಲಿ ರಿಂಗಾಯಿತು! ನಮ್ಮ ನಡುವೆ ಐದು ಮೊಳ ಜಾಗವೂ ಇರಲಿಲ್ಲ.

"ಎತ್ತಲೇ" ಅಂದರು, ಗೋಡೆಯ ಕಡೆಗೆ ಮುಖ ಮಾಡಿಕೊಂಡು.

ಎತ್ತಿದೆ. ಪೂರ್ತಿ ಹೆಸರು ಹೇಳಿದರು. "ಹನ್ನೊಂದನೇ ನಂಬರ, ಹಾಜರ?"

"ಹಾಜರ್ರಿ."

ಕಟ್ ಮಾಡಲಿಲ್ಲ. ಉಸಿರು ಒಂದು ಕಿವಿಗೆ ಫೋನಿನಲ್ಲಿ, ಇನ್ನೊಂದು ಕಿವಿಗೆ ಎದುರಿನಿಂದ ಕೇಳುತ್ತಿತ್ತು.

"ಒಬ್ಬನ ಇರ್ತೀಯಲ್ಲ ಅಲ್ಲಿ... ಊಟಕ್ಕ ಹೆಂಗ ಮಾಡ್ತಿ?"

"ನಡೀತೈತ್ರಿ. ಮತ್ತ ನೀವು?"

"ನಂದೂ ನಡೀತೈತಿ." ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು. "ಬರೂ ಐತವಾರದಿಂದ ಹಾಜರಿ ನೀ ತಗೋಳೋ. ನಾ ಇದ್ದೀನೋ ಇಲ್ಲೋ ಅಂತ ಯಾರರ ಒಬ್ಬರು ಕೇಳಬೇಕಲ್ಲ."

ಈಗ ಐತವಾರ ಹತ್ತಕ್ಕೆ ಅವರಿಗೆ ಫೋನು ಮಾಡುವವನು ನಾನು. ಮೊದಲ ರಿಂಗು ಮುಗಿಯಲು ಕೂಡ ಬಿಡುವುದಿಲ್ಲ ಅವರು. ನಾವಿಬ್ಬರೂ ಇನ್ನೂ ಹೆಚ್ಚು ಮಾತಾಡಲು ಕಲಿತಿಲ್ಲ, ಆದರೆ ಕಟ್ ಮಾಡುವುದನ್ನು ಬಿಟ್ಟಿದ್ದೇವೆ. ನಿಮಗೂ ನಿಮ್ಮ ಊರಿನಲ್ಲಿ ಹೀಗೆ ಹೆಸರು ಹಿಡಿದು ಕೂಗುತ್ತಿದ್ದವರು ಯಾರಾದರೂ ಇದ್ದರೇ? ಇದ್ದರೆ ಅವರ ಬಗ್ಗೆ ನಾಲ್ಕು ಸಾಲು ಬರೆದು ಕಳಿಸಿ. ನನ್ನ ಓದೂ ನಿಧಾನವೇ, ಆದರೆ ಪೂರ್ತಿ ಓದುತ್ತೇನೆ.