ಕೆರೆಯ ಹೆಬ್ಬಾವಿಗೆ ನಾನು ಹೇಳಲಾಗದ ಸಾಕ್ಷಿ

ಬೈಕು ಕೋಗಳಿ ದಾಟುವ ಮೊದಲೇ ಕೆಟ್ಟು ನಿಲ್ಲಬಹುದಿತ್ತು. ಕೆರೆದಂಡೆಯ ಕೆಸರಿನಲ್ಲಿ ಜಾರಿ, ಹಾವಿಗೆ ನಾನಾಗಿಯೇ ನಡೆದುಬಂದ ಊಟವಾಗಬಹುದಿತ್ತು. ಬಿಡಿಸಲು ಬಂದ ಕೊಟ್ರಪ್ಪ ಮಾವನೂ ಅದರ ಸುತ್ತಿನಲ್ಲಿ ಸಿಕ್ಕಿ, ನನ್ನ ಹೆಂಡತಿ ಒಂದೇ ದಿನ ಗಂಡನನ್ನೂ ಸೋದರಮಾವನನ್ನೂ ಕಳೆದುಕೊಂಡು, ಯಾರಿಗಾಗಿ ಮೊದಲು ಅಳಬೇಕೆಂದು ತಿಳಿಯದೆ ಒದ್ದಾಡಬಹುದಿತ್ತು. ಬಹುಶಃ ಮಾವನಿಗಾಗಿಯೇ ಮೊದಲು ಅಳುತ್ತಿದ್ದಳು. ಇಲ್ಲವೇ ಅದು ಹಾವೇ ಅಲ್ಲದೆ, ನೀರಿನಲ್ಲಿ ತೇಲುವ ಜಾಲಿ ಬೊಡ್ಡೆಯಾಗಿ, ನಾವಿಬ್ಬರೂ ಊರಿಗೆ ಹೇಗೆ ಮುಖ ತೋರಿಸುವುದೆಂದು ಕತ್ತಲಾಗುವುದನ್ನೇ ಕಾಯಬೇಕಾಗುತ್ತಿತ್ತು. ಹರಪನಹಳ್ಳಿಯಲ್ಲಿ ಬೈಕಿಗೆ ಕಿಕ್ ಹೊಡೆಯುವ ಮೊದಲೇ ಇಷ್ಟನ್ನೂ ನಾನು ಯೋಚಿಸಿ ಮುಗಿಸಿದ್ದೆ. ಚಿಂತೆಯ ವಿಷಯದಲ್ಲಿ ನಾನು ಕೆಲಸ ಬಾಕಿ ಇಡುವವನಲ್ಲ.

ಕೊಟ್ರಪ್ಪ ಮಾವನದು ಕೋಗಳಿಯಿಂದ ಆಚೆ ಒಂದು ಸಣ್ಣ ಊರು. ಅಲ್ಲಿ ಬದುವಿನ ತಕರಾರು ಬಂದರೆ ಸರ್ವೆಯವರಿಗಿಂತ ಮೊದಲು ಮಾವನಿಗೆ ಕರೆ ಬರುತ್ತಿತ್ತು. ಅವರು ಹೊಲದಲ್ಲಿ ನಾಲ್ಕು ಹೆಜ್ಜೆ ಓಡಾಡಿ, ಹೆಗಲ ಟವೆಲನ್ನು ನೆಲಕ್ಕೆ ಹಾಸಿ, "ಕಲ್ಲು ಇಲ್ಲೇ ಇತ್ತು ನೋಡ್ರಿ" ಅಂದರೆ ಮುಗಿಯಿತು. ಹೊಡೆದಾಡಲು ಬಂದ ಅಣ್ಣತಮ್ಮಂದಿರು ಚಹಾ ಕುಡಿದು ಮನೆಗೆ ಹೋಗುತ್ತಿದ್ದರು. ಅಂಥ ಮಾವ, ಒಳ್ಳೆಯ ಮಳೆಯಾಗಿ ಕೆರೆ ತುಂಬಿದ ಆ ವರ್ಷ, ನೀರಿನಲ್ಲಿ ಈಜುತ್ತಿದ್ದ ಹೆಬ್ಬಾವನ್ನು ನೋಡಿದರು. ನೋಡಿದ್ದು ತಪ್ಪಲ್ಲ, ಬಂದು ಹೇಳಿದ್ದು ತಪ್ಪಾಯಿತು. ಊರಿಗೆ ಆಗ ಕೇಬಲ್ ಟೀವಿ ಬಂದ ಹೊಸತು. ಎಮ್ಮೆಯನ್ನೇ ಹಿಸುಕುವ ಅನಕೊಂಡ ಎಂಬ ನೀರುಹಾವನ್ನು ಜನ ಉಸಿರು ಬಿಗಿಹಿಡಿದು ನೋಡಿದ್ದರು. ಮಾರನೆಯ ದಿನದಿಂದ ಮಾವ 'ಅನಕೊಂಡಪ್ಪ' ಆಗಿಬಿಟ್ಟರು.

"ಏನ್ ಅನಕೊಂಡಪ್ಪಾರ, ನಿಮ್ಮ ಹಾವು ಇವತ್ತು ಯಾರ ಎಮ್ಮಿ ನುಂಗೇತ್ರಿ?" ಎಂದು ಹೋಟೆಲ್ಲಿನ ಕಟ್ಟೆಯ ಮೇಲೆ ಕೇಳುವುದು ಶುರುವಾಯಿತು. ಅಷ್ಟಾಗಿದ್ದರೆ ಮಾವ ನಕ್ಕು ಬಿಡುತ್ತಿದ್ದರು. ಆದರೆ ಮಾವನ ತೀರ್ಪಿನಲ್ಲಿ ಬದು ಕಳೆದುಕೊಂಡ ಯಾವನೋ ಒಬ್ಬ, "ಹಾವು ನೋಡಿದಂಗ ಬದುನೂ ನೋಡ್ಯಾನೋ ಏನೋ!" ಅಂದುಬಿಟ್ಟ. ಆ ಮಾತು ಅವರಿಗೆ ನಾಟಿತು. ಹರಪನಹಳ್ಳಿಗೆ ಮೆಕ್ಕೆಜೋಳ ಮಾರಲು ಬಂದ ಮಾವ ನೇರ ನಮ್ಮ ಮನೆಗೆ ಬಂದು ಕೂತರು. "ನೀ ಸೈನ್ಸ್ ಮಾಸ್ತರ ಅದೀ. ಒಂದ್ಸಲ ಬಂದು ನೋಡಿ, ಇದು ಇಂಥಾ ಹಾವು ಅಂತ ನಾಕು ಮಂದಿ ಮುಂದ ಹೇಳಿಬಿಡಪ. ನನ್ನ ಮಾತು ಉಳೀಲಿ."

ಅನಕೊಂಡ ಸಮುದ್ರ ದಾಟಿ ನಮ್ಮ ಕಡೆ ಬರಲು ಯಾವ ಕಾರಣವೂ ಇಲ್ಲ, ಹೆಬ್ಬಾವು ಸೊಗಸಾಗಿ ಈಜುತ್ತದೆ ಎಂಬುದು ನನಗೆ ಗೊತ್ತಿತ್ತು. ಅದರ ತಲೆಯ ಮೇಲೆ ಬಾಣದ ಮೊನೆಯಂಥ ಗುರುತಿರುತ್ತದೆ; ಅದೊಂದು ಕಂಡರೆ ಸಾಕು. ಕೆರೆದಂಡೆಯಲ್ಲಿ ಕೂತು ಮಾವನಿಗೂ ಇದನ್ನೇ ಪಾಠ ಮಾಡಿದೆ. "ಗುರುತು ಗಿರುತು ಇರಲಿ, ನೀ ನೀರು ನೋಡು" ಎಂದರು ಮಾವ. ಬಿಸಿಲು ಇಳಿಯುವ ಹೊತ್ತಿಗೆ ನೀರಂಚಿನ ಆಪಿನ ಹುಲ್ಲು ಅಲುಗಿತು. ನೀರು ಸೀಳಿಕೊಂಡು ಒಂದು ತಲೆ ಎದ್ದಿತು.

ನಮ್ಮವ್ವ ಕಲಿಸಿದ ಒಂದು ಅಭ್ಯಾಸ ನನಗಿದೆ. ಹುಳ ಕಂಡರೆ (ನಮ್ಮ ಮನೆಯಲ್ಲಿ ಹಾವೆನ್ನುತ್ತಿರಲಿಲ್ಲ) ಕಣ್ಣು ಮುಚ್ಚಿ ಕೈ ಮುಗಿಯಬೇಕು. ಅದು ತನ್ನ ಹಾದಿ ಹಿಡಿದು ಹೋಗುತ್ತದೆ. ಬಿ.ಎಸ್ಸಿ. ಓದಿದ್ದು, ಇಷ್ಟು ವರ್ಷ ಪಾಠ ಹೇಳಿದ್ದು ಯಾವುದೂ ನನ್ನ ಕೈಗಳಿಗೆ ನೆನಪಾಗಲಿಲ್ಲ. ಅವು ತಾವಾಗಿಯೇ ಕೂಡಿಕೊಂಡವು, ಕಣ್ಣು ಮುಚ್ಚಿತು. "ನೋಡು, ನೋಡಲೇ!" ಎಂದು ಮಾವ ಭುಜ ಅಲ್ಲಾಡಿಸಿದಾಗ ಕಣ್ಣು ಬಿಟ್ಟೆ. ನೀರಿನ ಮೇಲೆ ಉಂಗುರಗಳು ಮಾತ್ರ ಇದ್ದವು. ಅವ್ವ ಹೇಳಿದ್ದು ನಿಜ. ಅದು ತನ್ನ ಹಾದಿ ಹಿಡಿದು ಹೋಗಿತ್ತು.

ಕಟ್ಟೆಯ ಮೇಲೆ ಜನ ಕಾದಿದ್ದರು. "ಮಾಸ್ತರ, ಏನ್ ಹಾವ್ರಿ?" ನೋಡದ ಗುರುತನ್ನು ನೋಡಿದೆ ಎನ್ನಲು ನಾಲಗೆ ಏಳಲಿಲ್ಲ. "ನಾನು... ಕಣ್ಣು ಮುಚ್ಚಿದ್ದೆ" ಅಂದೆ. ಹೋಟೆಲ್ಲಿನ ಒಳಗಿದ್ದವರೂ ಹೊರಗೆ ಬಂದು ನಕ್ಕರು. ಮಾವ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು.

ಬೈಕಿನವರೆಗೆ ಬಂದು ಅವರು ಮೆಲ್ಲಗೆ ಹೇಳಿದರು: "ಅಲ್ಲಪಾ, ಏನೂ ಇಲ್ದ ನೀರಿಗೆ ಯಾರರ ಕೈ ಮುಗಿತಾರೇನು? ಅಷ್ಟ ಹೇಳಿದ್ರ ಸಾಕಿತ್ತು."

ನಿಜವಾಗಿ ಸಾಕಿತ್ತು. ಆ ಊರಿನಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಓಡಿಹೋಗಿ ಹೇಳೋಣವೆಂದು ತಿರುಗಿದೆ. ಕಟ್ಟೆ ಆಗಲೇ ಖಾಲಿಯಾಗಿತ್ತು. ಮುಂದಿನ ಸುಗ್ಗಿಯಲ್ಲಿ ಅಲ್ಲಿಯ ಅಣ್ಣತಮ್ಮಂದಿರು ಬದು ಅಳೆಸಲು ಸರ್ವೆಯವರನ್ನೇ ಕರೆಸಿದರಂತೆ. ಮಾವ ಮನೆಯಲ್ಲೇ ಇದ್ದರಂತೆ.

ಬೈಕು ಕೆಡಲಿಲ್ಲ, ನಾನು ಜಾರಲಿಲ್ಲ, ನನ್ನನ್ನು ಯಾವುದೂ ನುಂಗಲಿಲ್ಲ. ಆ ಸಂಜೆ ಬೈಕು ಒಂದೇ ಕಿಕ್ಕಿಗೆ ಹೊರಟಿತು. ಸದಾ ಅದು ಕೆಟ್ಟು ನಿಂತೀತೆಂದು ಹೆದರುತ್ತಿದ್ದ ನನಗೆ, ಮರುದಿನ ಕಟ್ಟೆ ಮತ್ತೆ ತುಂಬುವವರೆಗೆ ಅಂದು ಅದು ಕೆಟ್ಟು ನಿಲ್ಲಲಿಲ್ಲವೆಂಬುದೇ ಇಂದಿಗೂ ಚಿಂತೆ.