ಐನೂರು ರೂಪಾಯಿಯ ನಡಿಗೆ

ದಾನಧರ್ಮದ ಕಾರ್ಯಕ್ರಮಕ್ಕೆ ಶುಲ್ಕ ಗೊತ್ತುಮಾಡಲು ನಾಲ್ಕು ಮಂದಿ ಕೂತರೆ ಸಾಕು, ಇಂಥ ಪ್ರಸಂಗಗಳು ಆಗುತ್ತಲೇ ಇರುತ್ತವೆ. ದಾಂಡೇಲಿಯ ಕಾರ್ಖಾನೆಯಲ್ಲಿ ನನ್ನ ಪಾಳಿಯಲ್ಲೇ ದುಡಿಯುವ ಗೆಳೆಯನಿಗೆ ಹೃದಯದ ಆಪರೇಶನ್ ಆಗಬೇಕಿತ್ತು. ದುಡ್ಡು ಕೂಡಿಸಲು ಕಮಿಟಿ ಮಾಡಿ ಊರಲ್ಲೊಂದು ನಡಿಗೆ ಇಟ್ಟುಕೊಂಡೆವು. ನಡೆಯುವವರು ಶುಲ್ಕ ಕಟ್ಟಿ ಹೆಸರು ಬರೆಸಬೇಕು, ಆ ಹಣ ಗೆಳೆಯನಿಗೆ.

೧. ಶುಲ್ಕ

'ನೂರು ರೂಪಾಯಿ ಇಡೂಣ್ರಿ,' ಎಂದೆ.

ಕಮಿಟಿಯ ಅಧ್ಯಕ್ಷರು ಹಳಿಯಾಳದಿಂದ ಬಂದು ಇಲ್ಲಿ ಬಟ್ಟೆ ಅಂಗಡಿ ಇಟ್ಟವರು. 'ನೂರು ಅಂದ್ರ ಮಂದಿ ಕಿಮ್ಮತ್ತು ಕೊಡೂದಿಲ್ರಿ. ಐನೂರು ಇಡ್ರಿ, ಟೀ ಶರ್ಟ್ ಕೊಡೂಣು.'

'ಟೀ ಶರ್ಟಿಗೆ ಎಷ್ಟು ಬೀಳತೈತ್ರಿ?'

'ನಮ್ಮ ಅಂಗಡಿ ಐತೆಲ್ಲ. ನಿಮಗಂತ ನಾಕನೂರಕ್ಕ ಕೊಡ್ತೇನಿ.'

ಗೆಳೆಯನ ಪಾಲಿಗೆ ಅದೇ ನೂರು ಉಳಿಯಿತು. ಕಿಮ್ಮತ್ತು ಮಾತ್ರ ಹೆಚ್ಚಾಯಿತು.

೨. ಉಪ್ಪಿಟ್ಟು

ಹೆಸರು ಬರೆಸಲು ಬಂದ ನಿವೃತ್ತ ಅಧಿಕಾರಿಯೊಬ್ಬರು ಕೇಳಿದರು: 'ನನಗ ಮೊಣಕಾಲ ನೋವು. ನಡಿಯೂದಿಲ್ಲ, ಕಡೀಕ ಉಪ್ಪಿಟ್ಟಿಗೆ ಅಷ್ಟ ಬರ್ತೇನಿ. ಎಷ್ಟು ಕಡಿಮಿ ಮಾಡ್ತೀರಿ?'

'ಸರ, ಇದು ಆಪರೇಶನ್ನಿನ ರೊಕ್ಕರಿ.'

'ಗೊತ್ತೈತ್ರಿ, ಪಾಪ. ಜೋಡಿಗೆ ಶಿರಾನೂ ಇರತೈತೇನು?'

ಶಿರಾನೂ ಮಾಡಿಸಿದೆವು. ಉಳಿದಿದ್ದ ನೂರರಲ್ಲಿ ಬಹುಪಾಲು ಅದರಲ್ಲೇ ಕರಗಿತು.

೩. ಶಾಲು

ನಮ್ಮ ಕಡೆ ಶಾಲು ಹೊದಿಸದಿದ್ದರೆ ಕೊಟ್ಟವರಿಗೆ ಕೊಟ್ಟಂತೆಯೇ ಅನಿಸುವುದಿಲ್ಲ. ಶುಲ್ಕದ ಮೇಲೆ ತುಸು ಹೆಚ್ಚಿಗೆ ಕೊಟ್ಟಿದ್ದ ಗುತ್ತಿಗೆದಾರರೊಬ್ಬರು ನಡಿಗೆಯ ದಿನ ವೇದಿಕೆ ಹತ್ತಿ ನನ್ನ ಕಿವಿಯಲ್ಲಿ, 'ಹಸರ ಶಾಲು ಬ್ಯಾಡ್ರಿ, ಮನ್ಯಾಗ ರಗಡ ಅದಾವು,' ಎಂದರು. ಮೈ ಉರಿದರೂ ಕೆಂಪಿನದು ಹುಡುಕಿ ತಂದೆ. ಶಾಲುಗಳೂ ಅಧ್ಯಕ್ಷರ ಅಂಗಡಿಯವೇ. ಸನ್ಮಾನ ಮುಗಿಯುವಷ್ಟರಲ್ಲಿ ಬಿಸಿಲೇರಿತ್ತು. ನಡಿಗೆ ವೇದಿಕೆಯಿಂದ ಉಪ್ಪಿಟ್ಟಿನ ಪೆಂಡಾಲಿನವರೆಗೆ ನಡೆಯಿತು.

೪. ಆಯಾರ

ಉಳಿದಿದ್ದನ್ನು ಲಕೋಟೆಯಲ್ಲಿಟ್ಟು ಕಮಿಟಿಯವರೆಲ್ಲ ಗೆಳೆಯನ ಮನೆಗೆ ಹೋದೆವು. ಆಪರೇಶನ್ ದೂರದ ಮಾತು, ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಿಬರುವ ಖರ್ಚಿಗೂ ಅದು ಸಾಲುತ್ತಿರಲಿಲ್ಲ. ನಾಚಿಕೆಯಿಂದ ಅವನ ಮಂಚದ ಹತ್ತಿರ ತಲೆ ತಗ್ಗಿಸಿ ನಿಂತೆ.

ಅವನ ಹೆಂಡತಿ ಚಹಾ ಕೊಟ್ಟು, ಕುಂಕುಮ ಹಚ್ಚಿ, ಒಬ್ಬೊಬ್ಬರಿಗೂ ಟವೆಲ್ಲು, ಟೊಪ್ಪಿಗೆ, ತೆಂಗಿನಕಾಯಿ ಕೊಟ್ಟು ಆಯಾರ ಮಾಡಿದಳು. 'ಮನಿಗೆ ಬಂದ ಹಿರ್ಯಾರನ್ನ ಬರಿಗೈಲೆ ಕಳಸಬಾರದ್ರಿ,' ಎಂದಳು.

ಯಾರೂ ಬೇಡ ಅನ್ನಲಿಲ್ಲ. ಅಧ್ಯಕ್ಷರು ಟವೆಲ್ಲಿನ ಅಂಚು ತಿಕ್ಕಿ ನೋಡಿ ಅರಳಿದರು. 'ನಮ್ಮ ಅಂಗಡ್ಯಾಗಿಂದು ಹೌದಲ್ಲವಾ ತಂಗಿ? ಚೊಲೊ ಮಾಲ ತಂದಿ ನೋಡು.'

ಗೆಳೆಯ ನನ್ನ ಕೈ ಹಿಡಿದು ಹತ್ತಿರ ಎಳೆದ.

'ದೋಸ್ತಾ, ಕೈ ಮುಗೀತೇನಿ. ಇನ್ನೊಮ್ಮೆ ಸಹಾಯ ಮಾಡಬ್ಯಾಡ್ರಿ. ನಮಗ ಅಷ್ಟು ಖರ್ಚು ತಾಳೂದಿಲ್ಲ.'